ಹೇಮಲತಾ ಮೇಡಂ ಮತ್ತು ನೀಲಿ ಚುಕ್ಕೆ

ಆ ಸೈಕಲ್ಲು ಮೊದಲಿಗೆ ಹೇಮಲತಾಳದ್ದಾಗಿರಲಿಲ್ಲ. ಅವಳ ಗಂಡ ಚನ್ನೇಶ್ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಹೊಟ್ಟೆ ಇಳಿಸದಿದ್ದರೆ ಮಾತ್ರೆ ಹೆಚ್ಚಿಸಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ ವಾರವೇ ಅವನು ಹಾಸನಕ್ಕೆ ಹೋಗಿ, ದಪ್ಪ ಟೈರಿನ, ಗುಡ್ಡ ಹತ್ತುವ ಗೇರ್ ಸೈಕಲ್ಲೊಂದನ್ನು ತಂದ. ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನವರೆಗೂ ತುಳಿದುಕೊಂಡು ಹೋಗಿ ಬಂದ. ಸೀಟು ಚುಚ್ಚುತ್ತದೆ ಅಂದ. ಅಷ್ಟೇ. ಆಮೇಲೆ ಅದು ಹಿತ್ತಿಲ ವರಾಂಡದಲ್ಲಿ ನಿಂತಿತು, ಹ್ಯಾಂಡಲ್ ಮೇಲೆ ಮನೆಯವರ ಟವೆಲ್ಲುಗಳು ಒಣಗತೊಡಗಿದವು.

ಟವೆಲ್ಲು ತೆಗೆಯಲು ಹೋದ ಒಂದು ಭಾನುವಾರ ಹೇಮಲತಾ ಸುಮ್ಮನೆ ಟೈರು ಒತ್ತಿ ನೋಡಿದಳು. ಗಾಳಿ ಇನ್ನೂ ಗಟ್ಟಿಯಾಗಿಯೇ ಇತ್ತು. ಅವಳು ಹುಟ್ಟಿ ಬೆಳೆದದ್ದು ಹಳೇಬೀಡಿನಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದೊಂದು ದಿನಸಿ ಅಂಗಡಿ ಇತ್ತು. ಸಾಮಾನು ತರುವ ಅಪ್ಪನ ಸೈಕಲ್ಲನ್ನು ಕದ್ದು, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತ ಅವಳು ಕೆರೆ ಏರಿಯ ಮೇಲೆಲ್ಲ ಸುತ್ತಿದವಳು. ಹೈಸ್ಕೂಲು ಸೇರಿದ ಮೇಲೆ ಅದು ತಾನಾಗಿಯೇ ನಿಂತುಹೋಯಿತು. ಯಾರೂ ಬೇಡ ಅಂದಿರಲಿಲ್ಲ, ಬೇಕು ಅಂದವರೂ ಇರಲಿಲ್ಲ. ಈಗ ಅವಳಿಗೆ ನಲವತ್ತು ದಾಟಿತ್ತು. ಕಣಕಟ್ಟೆ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಮಗಳು ಸಿರಿ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು.

ಆ ಭಾನುವಾರ ಚೂಡಿದಾರದ ಪ್ಯಾಂಟಿಗೆ ರಬ್ಬರ್ ಬ್ಯಾಂಡು ಹಾಕಿಕೊಂಡು ಹಿರೇಕಲ್ಲು ಗುಡ್ಡದ ಕಡೆಯ ಮಣ್ಣಿನ ದಾರಿ ಹಿಡಿದವಳು ಬಿಸಿಲೇರುವ ಹೊತ್ತಿಗೆ ವಾಪಸು ಬಂದಳು. ಮುಖವೆಲ್ಲ ಧೂಳು. ಬಾಗಿಲಲ್ಲಿ ಕೂತಿದ್ದ ಅತ್ತೆ ಕಮಲಾಕ್ಷಮ್ಮ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ ಎಂದಳು ಸೊಸೆ. ಸುಮ್ಮನೆ ಹೋಗುವುದು ಅಂದರೇನು ಎಂದು ಕಮಲಾಕ್ಷಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಎದ್ದು ಹೋಗಿ ಕಾಫಿಗೆ ಇಟ್ಟರು.

ರಜೆಗೆ ಬಂದ ಸಿರಿ ಅಮ್ಮನ ಹೊಸ ಹುಚ್ಚು ನೋಡಿ ಖುಷಿಪಟ್ಟಳು. ಫೋನು ಕಿತ್ತುಕೊಂಡು ಸವಾರಿಯನ್ನು ದಾಖಲಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಹೊರಡುವಾಗ ಒತ್ತಿದರೆ ಹೋದ ದಾರಿ, ವೇಗ, ಹತ್ತಿದ ಎತ್ತರ ಎಲ್ಲವನ್ನೂ ಅದು ಗೆರೆ ಎಳೆದು ತೋರಿಸುತ್ತಿತ್ತು. ನಿಂತರೆ ಸವಾರಿ ನಿಂತಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು, ಹೊರಟರೆ ಹೊರಟಿದೆ ಎನ್ನುತ್ತಿತ್ತು. ಮೊದಮೊದಲು ಹೇಮಲತಾ ಆ ಹೆಣ್ಣು ದನಿಗೆ ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಎತ್ತರದ ಗೆರೆಗಳು. ಸಮೋನ್ನತ ರೇಖೆಗಳ ಪಾಠವನ್ನು ಅವಳು ವರ್ಷವರ್ಷವೂ ಮಾಡಿದ್ದಳು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ನಿಧಾನದ್ದು. ಹೀಗೆಂದು ಬೋರ್ಡಿನ ಮೇಲೆ ಬರೆದದ್ದೇ ಬರೆದದ್ದು. ಈಗ ಫೋನಿನ ನಕ್ಷೆಯಲ್ಲಿ ಗೆರೆಗಳು ಒತ್ತೊತ್ತಾಗಿ ಕಂಡ ಕಡೆಯಲ್ಲೆಲ್ಲ ತೊಡೆ ಉರಿಯಿತು, ಉಸಿರು ಸಿಕ್ಕಿಕೊಂಡಿತು. ಸೋಮವಾರ ಕ್ಲಾಸಿಗೆ ಹೋದವಳು ಪುಸ್ತಕ ಮುಚ್ಚಿ, ಹಿಂದಿನ ದಿನ ತಾನು ಹತ್ತಿದ ಗುಡ್ಡವನ್ನು ಬೋರ್ಡಿನ ಮೇಲೆ ಬಿಡಿಸಿದಳು. ಎಲ್ಲಿ ಇಳಿದು ತಳ್ಳಿಕೊಂಡು ಹೋಗಿದ್ದೇನೆ ಹೇಳಿ ಎಂದು ಮಕ್ಕಳನ್ನು ಕೇಳಿದಳು. ಅವರು ಸರಿಯಾಗಿಯೇ ಹೇಳಿದರು. ಅಂದಿನಿಂದ ಸ್ಕೂಲಿನಲ್ಲಿ ಅವಳು ಸೈಕಲ್ ಮೇಡಂ ಆದಳು.

ಒಂದೊಂದು ಆ್ಯಪ್ ಅವಳ ಫೋನಿಗೆ ಬಂದದ್ದರ ಹಿಂದೆಯೂ ಒಂದೊಂದು ಪೇಚಾಟವಿತ್ತು. ಕಣಕಟ್ಟೆ ಕಡೆಯ ತೋಟಗಳ ನಡುವೆ ಒಮ್ಮೆ ನೆಟ್‌ವರ್ಕು ಹೋಯಿತು. ಫೋನಿನ ನಕ್ಷೆ ಖಾಲಿ ಹಾಳೆಯಾಯಿತು. ಎತ್ತ ನೋಡಿದರೂ ತೆಂಗಿನ ಮರ, ಒಂದೇ ಥರದ ಬದು. ತಿರುಗಿ ತಿರುಗಿ ಅದೇ ಪಂಪ್‌ಸೆಟ್ ಮನೆಯ ಮುಂದೆ ಬಂದು ನಿಂತಳು. ತೋಟದ ಯಜಮಾನ ಮರುಳಪ್ಪನವರು ಅವಳ ಹೆಲ್ಮೆಟ್ಟು, ಕೈಯಲ್ಲಿನ ಫೋನು ನೋಡಿ ಸರ್ವೆಗೆ ಬಂದವರು ಎಂದುಕೊಂಡು, ತಮ್ಮ ಬದುವಿನ ತಕರಾರನ್ನೆಲ್ಲ ಹೇಳಿ ಮುಗಿಸಿದರು. ಅವಳು ಟೀಚರು, ದಾರಿ ತಪ್ಪಿ ಬಂದಿದ್ದಾಳೆ ಎಂದು ತಿಳಿದ ಮೇಲೆ ನಕ್ಕು, ಎಳನೀರು ಕೆತ್ತಿಸಿ ಕೊಟ್ಟು, ತೋಟದೊಳಗಿನ ಕಾಲುದಾರಿಯಿಂದ ಕೆರೆ ಏರಿಗೆ ಹತ್ತಿಸಿದರು.

ಆ ವಾರ ಸಿರಿಗೆ ಫೋನ್ ಮಾಡಿ ಕೇಳಿ, ನೆಟ್‌ವರ್ಕು ಇಲ್ಲದೆಯೂ ನಡೆಯುವ ನಕ್ಷೆಯ ಆ್ಯಪ್ ಹಾಕಿಕೊಂಡಳು. ಮನೆಯಲ್ಲೇ ಜಿಲ್ಲೆಯ ನಕ್ಷೆಯನ್ನೆಲ್ಲ ಇಳಿಸಿಟ್ಟುಕೊಂಡರೆ ಸಾಕು. ಕಾಡಿನಲ್ಲಿದ್ದರೂ ತಾನೆಲ್ಲಿದ್ದೇನೆ ಎಂದು ತೋರಿಸುತ್ತಿತ್ತು. ಇನ್ನೂ ಒಂದು ಸಂಗತಿ ಅವಳಿಗೆ ತಿಳಿದು ಬಂತು. ಆ ನಕ್ಷೆಯನ್ನು ಬರೆಯುತ್ತಿದ್ದದ್ದು ಯಾವ ಇಲಾಖೆಯೂ ಅಲ್ಲ. ಊರೂರಿನ ಜನ ತಮಗೆ ಗೊತ್ತಿದ್ದ ದಾರಿಗಳನ್ನು ತಾವೇ ಸೇರಿಸುತ್ತಿದ್ದರು. ಆದರೆ ಅರಸೀಕೆರೆ ಸುತ್ತಮುತ್ತ ಯಾರೂ ಏನೂ ಸೇರಿಸಿದ ಹಾಗಿರಲಿಲ್ಲ. ಗುಡ್ಡಗಳೆಲ್ಲ ಬೋಳಾಗಿದ್ದವು. ಹೇಮಲತಾ ಮರುಳಪ್ಪನವರನ್ನು ಕೇಳಿ ಅವರ ತೋಟದ ಕಾಲುದಾರಿಯಿಂದಲೇ ಶುರುಮಾಡಿದಳು. ಅವರು ಹಾಕಿದ ಷರತ್ತು ಒಂದೇ, ಗೇಟು ತೆಗೆದವರು ಮುಚ್ಚಿಕೊಂಡು ಹೋಗಬೇಕು. ಅದನ್ನೂ ನಕ್ಷೆಯಲ್ಲಿ ಬರೆದಳು. ಆಮೇಲೆ ಕುರಿ ದಾರಿ, ಗಾಡಿ ಜಾಡು, ಕುಡಿಯುವ ನೀರಿನ ತೊಂಬೆ, ಅಟ್ಟಿಸಿಕೊಂಡು ಬರುವ ನಾಯಿಗಳಿರುವ ತೋಟದ ಮನೆ, ಹೋದಲ್ಲೆಲ್ಲ ಒಂದೊಂದು ಗುರುತು ಹಾಕುತ್ತ ಹೋದಳು.

ಚೈನು ತುಂಡಾಗಿ ಜಾವಗಲ್ಲಿನವರೆಗೆ ತಳ್ಳಿಕೊಂಡು ಹೋದ ಮೇಲೆ ರಿಪೇರಿ ಕಲಿಸುವ ಆ್ಯಪ್ ಬಂತು. ಆಷಾಢದ ಎದುರುಗಾಳಿಯಲ್ಲಿ ತುಳಿದು ತುಳಿದು ಅಲ್ಲೇ ನಿಂತ ಹಾಗಾದ ಮೇಲೆ ಗಾಳಿ ಮಳೆ ಹೇಳುವುದು ಬಂತು. ಗೆಳತಿ ಆಶಾರಾಣಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಹೇಮಲತಾಳ ಮಾತು ಕೇಳಿ ತಾನೂ ಒಂದು ಹಳೆಯ ಗೇರ್ ಸೈಕಲ್ ತೆಗೆದುಕೊಂಡು ಜೊತೆ ಸೇರಿದ್ದಳು. ಪ್ರಥಮ ಚಿಕಿತ್ಸೆಯ ಆ್ಯಪ್ ಹಾಕಿಸಿದ್ದು ಅವಳು. ಹಾಕಿಸಿದ್ದಷ್ಟೇ ಅಲ್ಲ, ಮಳೆ ಹಿಡಿದು ಮನೆಯಲ್ಲೇ ಕೂತ ಒಂದು ಭಾನುವಾರ ಅದನ್ನು ಮುಂದಿಟ್ಟುಕೊಂಡು ಚನ್ನೇಶನ ಕೈಗೆ ಲಟ್ಟಣಿಗೆ ಕಟ್ಟಿಸಿ, ಮುರಿದ ಮೂಳೆಗೆ ಆಧಾರ ಕೊಡುವುದನ್ನು ಅಭ್ಯಾಸ ಮಾಡಿಸಿದಳು. ಚನ್ನೇಶ್ ಟಿ.ವಿ. ನೋಡುತ್ತಲೇ ಕೈ ಕೊಟ್ಟು ಕೂತಿದ್ದ.

ಇಷ್ಟೆಲ್ಲದರ ನಡುವೆ ಕಮಲಾಕ್ಷಮ್ಮನಿಗೆ ಒಳಗೊಳಗೇ ಭಯ. ಸೊಸೆ ಹೊರಟಾಗ ಏನೂ ಅನ್ನುತ್ತಿರಲಿಲ್ಲ. ಬರುವವರೆಗೂ ಬೀದಿ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಗುಡ್ಡದ ಮೇಲೆ ಫೋನು ಸಿಗದಿದ್ದರಂತೂ ಮನೆಯವರೆಲ್ಲರ ತಲೆ ತಿನ್ನುತ್ತಿದ್ದರು. ಇದಕ್ಕೂ ಸಿರಿಯೇ ಉಪಾಯ ಮಾಡಿದಳು. ಒಬ್ಬರು ಎಲ್ಲಿದ್ದಾರೆ ಎಂಬುದನ್ನು ಜನರೇ ಬರೆದ ಅದೇ ನಕ್ಷೆಯ ಮೇಲೆ ಇನ್ನೊಬ್ಬರಿಗೆ ತೋರಿಸುವ ಆ್ಯಪನ್ನು ಅಮ್ಮನಿಗೂ ಅಜ್ಜಿಗೂ ತನಗೂ ಹಾಕಿದಳು. ಅಮ್ಮನದು ನೀಲಿ ಚುಕ್ಕೆ, ತನ್ನದು ಕೆಂಪು. ಚುಕ್ಕೆ ಹರಿದಾಡುತ್ತಿದ್ದರೆ ಅಮ್ಮ ಸೈಕಲ್ ತುಳಿಯುತ್ತಿದ್ದಾಳೆ, ಚೆನ್ನಾಗಿದ್ದಾಳೆ ಎಂದರ್ಥ, ಅಷ್ಟೇ ನೋಡಿಕೊಂಡರಾಯಿತು ಎಂದು ಅಜ್ಜಿಗೆ ಹೇಳಿಕೊಟ್ಟಳು.

ಕಮಲಾಕ್ಷಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಸೊಸೆ ಹೊರಟ ಕೂಡಲೇ ಕನ್ನಡಕ ಹಾಕಿಕೊಂಡು, ಫೋನನ್ನು ತಟ್ಟೆಗೆ ಆನಿಸಿ ಇಟ್ಟುಕೊಂಡು ಕೂರುವುದು ಅವರ ಕೆಲಸವಾಯಿತು. ಸೊಪ್ಪು ಬಿಡಿಸುತ್ತ, ಬೆಳ್ಳುಳ್ಳಿ ಸುಲಿಯುತ್ತ ಚುಕ್ಕೆಯ ಜೊತೆಗೇ ಹೋದರು. ಬೆರಳಿನಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುವುದನ್ನು ಕಲಿತರು. ಇದು ಕೆರೆ, ಇದು ರೈಲು ಹಳಿ, ಈ ಬಿಳಿ ಗೆರೆ ನಮ್ಮ ಹೇಮ ಸೇರಿಸಿದ ದಾರಿ ಎಂದು ಪಕ್ಕದ ಮನೆಯವರಿಗೆ ತೋರಿಸಿದರು. ಜಾವಗಲ್ಲಿನ ಹೋಟೆಲಿನಲ್ಲಿ ಚುಕ್ಕೆ ನಿಂತದ್ದು ಕಂಡರೆ, ಸೊಸೆ ಮನೆಗೆ ಬರುವಷ್ಟರಲ್ಲಿ ಅಲ್ಲಿ ದೋಸೆ ಚೆನ್ನಾಗಿತ್ತೋ ಎಂದು ಕೇಳಲು ತಯಾರಾಗಿರುತ್ತಿದ್ದರು. ಹೇಮಲತಾಳಿಗೆ ಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಅಷ್ಟಾಗಿ ಬರಲಿಲ್ಲ.

ಕಾರ್ತಿಕದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ, ಚನ್ನೇಶನ ಚಿಕ್ಕಮ್ಮ ಶಿವಗಂಗಮ್ಮ ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ, ಹೋದ ವಾರ ಜಾವಗಲ್ ಹೋಟೆಲಿನಲ್ಲಿ ಬಹಳ ಹೊತ್ತು ಕೂತಿದ್ದೆಯಂತಲ್ಲ, ಯಾರು ಸಿಕ್ಕಿದ್ದರು ಎಂದು ಕೇಳಿದರು. ತಮಾಷೆಗೇ ಕೇಳಿದ್ದು. ಪಂಕ್ತಿಯವರೂ ತಮಾಷೆಯೆಂದೇ ನಕ್ಕರು. ಹೇಮಲತಾ ತಾನೂ ನಕ್ಕಳು. ಆದರೆ ಎಲೆಯ ಮೇಲಿನ ಪಾಯಸವನ್ನು ಹಾಗೇ ಬಿಟ್ಟು ಎದ್ದಳು. ವಾರವೆಲ್ಲ ಟೀಚರು, ಸೊಸೆ, ಹೆಂಡತಿ ಆಗಿದ್ದವಳು ಭಾನುವಾರದ ಒಂದು ಬೆಳಿಗ್ಗೆ ಯಾರ ಏನೂ ಆಗಿರದೆ ತಿರುಗಿ ಬರುತ್ತಿದ್ದಳು. ಅದೂ ಈಗ ನೆಂಟರ ಬಾಯಿಗೆ ಬಿದ್ದಿತ್ತು.

ಮನೆಗೆ ಬಂದವಳು ಚುಕ್ಕೆಯನ್ನು ಆರಿಸಿಬಿಟ್ಟಳು. ಅತ್ತೆ ಕೇಳಿದ್ದಕ್ಕೆ, ಆ್ಯಪ್ ಅಪ್‌ಡೇಟ್ ಆಗಿ ಕೆಟ್ಟುಹೋಗಿದೆ, ಸರಿಯಾಗಲು ಸಮಯ ಹಿಡಿಯುತ್ತದೆ ಎಂದಳು. ಕಮಲಾಕ್ಷಮ್ಮ ಹೌದಾ ಎಂದರು. ಮತ್ತೆ ಕೇಳಲಿಲ್ಲ. ಭಾನುವಾರಗಳಲ್ಲಿ ಫೋನು ತಟ್ಟೆಗೆ ಆನಿಸಿಕೊಂಡು ಕೂರುವುದನ್ನು ಮಾತ್ರ ಬಿಡಲಿಲ್ಲ.

ಅವರೆಕಾಯಿಯ ಕಾಲ ಬಂತು. ಆ ಭಾನುವಾರ ಆಶಾರಾಣಿಗೆ ಡ್ಯೂಟಿ ಇತ್ತು. ಚನ್ನೇಶ್ ತರೀಕೆರೆಯಲ್ಲಿ ಸ್ನೇಹಿತರ ಮನೆಯ ಮದುವೆಗೆ ಹೋಗಿದ್ದ. ಹೇಮಲತಾ ಒಬ್ಬಳೇ ಹಳೇಬೀಡಿನ ಕಡೆಗೆ ಸೈಕಲ್ ತುಳಿದುಕೊಂಡು ಹೊರಟಳು. ಹಳೇಬೀಡಿನ ಪಕ್ಕದ ಪುಷ್ಪಗಿರಿಯ ಬೆಟ್ಟಕ್ಕೆ ಎದುರಿನಿಂದ ಟಾರು ರಸ್ತೆಯಿದೆ, ದೇವಸ್ಥಾನಕ್ಕೆ ಹೋಗುವವರೆಲ್ಲ ಅದರಲ್ಲೇ ಹೋಗುವುದು. ಹಿಂಬದಿಯಲ್ಲಿ ಕುರಿಯವರು ತಿರುಗಾಡುವ ಒಂದು ದಾರಿ ಇತ್ತು. ಹಿಂದಿನ ತಿಂಗಳು ಅವಳು ಅದರಲ್ಲಿ ಹತ್ತಿ ನಕ್ಷೆಗೆ ಸೇರಿಸಿದ್ದಳು. ಈ ಸಲ ಅದರಲ್ಲೇ ಇಳಿಯಬೇಕೆಂಬ ಆಸೆ.

ಇಳಿಯುವುದು ಮೊದಲು ಸುಲಭವಾಗಿಯೇ ಇತ್ತು. ಸೀಟಿನಿಂದ ಎದ್ದು, ಮೈಯನ್ನು ಹಿಂದಕ್ಕೆ ಹಾಕಿ, ಬ್ರೇಕನ್ನು ಬೆರಳ ತುದಿಯಲ್ಲಿ ಹಿಡಿದು ಅವಳು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿದ್ದಳು. ಕೆಳಗೆ ಹುಲ್ಲು ಒಣಗಿ ಹೊನ್ನಿನ ಬಣ್ಣ ತಿರುಗಿತ್ತು, ದೂರದಲ್ಲಿ ಹಳೇಬೀಡಿನ ಕೆರೆ ಹೊಳೆಯುತ್ತಿತ್ತು. ಆ ಹೊಳಪು ನೋಡಿದ ಒಂದು ಕ್ಷಣವೇ ತಪ್ಪಾಯಿತು. ಮಳೆನೀರು ಕೊರೆದ ಕೊರಕಲಿಗೆ ಮುಂದಿನ ಚಕ್ರ ಸಿಕ್ಕಿತು. ಸೈಕಲ್ಲು ಅಲ್ಲೇ ನಿಂತಿತು, ಅವಳು ನಿಲ್ಲಲಿಲ್ಲ.

ಎದ್ದು ಕೂತಾಗ ಹೆಲ್ಮೆಟ್ಟು ಸೀಳಿತ್ತು, ತಲೆಗೆ ಏನೂ ಆಗಿರಲಿಲ್ಲ. ಎಡಗೈ ಮಣಿಕಟ್ಟಿನ ಹತ್ತಿರ ನೋಡಬಾರದ ರೀತಿಯಲ್ಲಿ ಸೊಟ್ಟಗಾಗಿತ್ತು. ಹ್ಯಾಂಡಲಿನಲ್ಲಿ ಫೋನು ಇರಲಿಲ್ಲ. ನೋವಿಗಿಂತ ಮೊದಲು ಹೆದರಿಕೆ ಬಂತು. ಸುತ್ತ ಯಾರೂ ಇಲ್ಲ. ಮನೆಯಲ್ಲಿ ಹಳೇಬೀಡಿನ ಕಡೆ ಎಂದಷ್ಟೇ ಹೇಳಿ ಬಂದಿದ್ದಳು. ಅಷ್ಟರಲ್ಲಿ ಲಂಟಾನದ ಪೊದೆಯೊಳಗಿನಿಂದ ಆ ಇಂಗ್ಲಿಷ್ ಹೆಂಗಸು, ಸವಾರಿ ನಿಂತಿದೆ ಎಂದು ಶಾಂತವಾಗಿ ಹೇಳಿದಳು. ಹೇಮಲತಾಳಿಗೆ ಅಳುವಿನ ನಡುವೆ ನಗು ಬಂತು. ದನಿ ಬಂದ ಕಡೆಗೆ ಬಲಗೈ ತೂರಿಸಿ, ಮುಳ್ಳು ಗೀಚಿಸಿಕೊಂಡು ಫೋನು ತೆಗೆದಳು. ಗಾಜು ಒಡೆದಿತ್ತು, ಜೀವವಿತ್ತು. ಬ್ಯಾಟರಿ ಮಾತ್ರ ಕೆಂಪಗಾಗಿತ್ತು.

ನೆಟ್‌ವರ್ಕು ಇರಲಿಲ್ಲ. ಅವಳು ಮೊದಲು ಕೈ ಕಟ್ಟಿಕೊಂಡಳು. ಮಳೆಯ ಭಾನುವಾರ ಕಲಿತದ್ದು ಕೈಯಲ್ಲೇ ಉಳಿದಿತ್ತು. ಲಟ್ಟಣಿಗೆಯ ಬದಲು ಸೈಕಲ್ಲಿನ ಗಾಳಿ ಪಂಪು, ಬಟ್ಟೆಗೆ ಕುತ್ತಿಗೆಯ ದುಪಟ್ಟಾ. ಹಲ್ಲಿನಲ್ಲಿ ಗಂಟು ಎಳೆದಳು. ಆಮೇಲೆ ಅಂಡು ಎಳೆಯುತ್ತ ಪಕ್ಕದ ಬಂಡೆಯ ಮೇಲೆ ಹತ್ತಿ ಕೂತಾಗ ಒಂದು ಗೆರೆ ನೆಟ್‌ವರ್ಕು ಬಂತು. ಚನ್ನೇಶನಿಗೆ ಮಾಡಿದಳು. ವಾಲಗದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಆಶಾರಾಣಿಯ ಫೋನು ಡ್ಯೂಟಿಯಲ್ಲಿ ಬಂದ್ ಆಗಿರುತ್ತಿತ್ತು. ಇನ್ನು ಯಾರಿಗೆ ಮಾಡಿದರೂ, ಎಲ್ಲಿದ್ದೀಯ ಎಂದು ಕೇಳಿದರೆ ಏನು ಹೇಳುವುದು? ಬೆಟ್ಟದ ಹಿಂದೆ, ಒಂದು ಬಂಡೆಯ ಮೇಲೆ. ಅಂಥ ಬಂಡೆಗಳು ಅಲ್ಲಿ ಎಷ್ಟೋ.

ಅವಳು ಒಡೆದ ಗಾಜಿನ ಮೇಲೆ ಹೆಬ್ಬೆರಳಿಟ್ಟು, ತಾನೇ ಆರಿಸಿದ್ದ ಚುಕ್ಕೆಯನ್ನು ಮತ್ತೆ ಹಚ್ಚಿದಳು. ಅತ್ತೆಗೆ ಫೋನ್ ಮಾಡಬೇಕೆಂದು ಹೆಸರು ಹುಡುಕುತ್ತಿರುವಾಗಲೇ ಅತ್ತೆಯದೇ ಫೋನು ಬಂತು.

"ಹೇಮ, ನಿನ್ ಚುಕ್ಕೆ ಬಂತು ಕಣೇ. ಯಾಕೆ ಅಲ್ಲಿ ನಿಂತಿದ್ದೀಯ?"

"ಬಿದ್ದೆ ಅತ್ತೆ. ಕೈ ಮುರಿದಿದೆ ಅನ್ಸುತ್ತೆ. ಬ್ಯಾಟರಿ ಇಲ್ಲ."

ಕಮಲಾಕ್ಷಮ್ಮನ ದನಿಯಲ್ಲಿ ನಡುಕವಿರಲಿಲ್ಲ.

"ತಲೆಗೇನೂ ಆಗಿಲ್ಲ ತಾನೆ? ಸರಿ. ಅಲ್ಲೇ ಕೂತಿರು, ಎಲ್ಲೂ ಅಲ್ಲಾಡಬ್ಯಾಡ. ಫೋನ್ ಇಡು, ಚಾರ್ಜ್ ಉಳಿಸ್ಕೋ. ನೀನು ಎಲ್ಲಿದ್ದೀಯ ಅಂತ ನಂಗೆ ಕಾಣ್ತಾ ಐತೆ."

ಹೇಮಲತಾ ಫೋನು ಇಟ್ಟಳು. ಬಿಸಿಲು ಕಾಯುತ್ತಿತ್ತು, ಕೈ ಸಿಡಿಯುತ್ತಿತ್ತು. ಆದರೂ ಅಷ್ಟು ಹೊತ್ತು ಎದೆಯಲ್ಲಿದ್ದ ಹೆದರಿಕೆ ಇಳಿದುಹೋಯಿತು ಎಂದು ಅವಳು ಆಮೇಲೆ ಆಶಾರಾಣಿಗೆ ಹೇಳಿದಳು.

ಇತ್ತ ಅರಸೀಕೆರೆಯಲ್ಲಿ ಕಮಲಾಕ್ಷಮ್ಮ ಅವರೆಕಾಯಿಯ ಮೊರವನ್ನು ಬದಿಗೆ ಸರಿಸಿದರು. ಹಳೇಬೀಡಿನಲ್ಲಿ ದೇವರಾಜ್ ಎಂಬ ಆಟೋದವನು ಅವರಿಗೆ ಪರಿಚಯ. ಬೀಗರು ಬದುಕಿದ್ದ ಕಾಲದಲ್ಲಿ ಅವರ ಮನೆಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೋಗುತ್ತಿದ್ದವನು. ಅವನಿಗೆ ಫೋನ್ ಮಾಡಿ ವಿಷಯ ಹೇಳಿದರು. ಚುಕ್ಕೆ ಇರುವ ಜಾಗವನ್ನು ಅವನಿಗೆ ಫಾರ್ವರ್ಡ್ ಮಾಡಿದರು. ಈ ಒಂದು ವಿದ್ಯೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ನೆಂಟರಿಷ್ಟರಿಗೆಲ್ಲ ಶುಭೋದಯದ ಹೂವಿನ ಚಿತ್ರ ಕಳಿಸಿ ಕಳಿಸಿ ಅವರ ಬೆರಳು ಪಳಗಿತ್ತು.

ದೇವರಾಜ್ ಆಟೋ ಹತ್ತಿ ಹೊರಟ. ಹಿಂಬದಿಯ ದಾರಿ ಇಲ್ಲದ ಬೇರೆ ನಕ್ಷೆಯಿದ್ದ ಅವನ ಫೋನು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ ಟಾರು ರಸ್ತೆಯಲ್ಲೇ ಕರೆದುಕೊಂಡು ಹೋಗಿ ದೇವಸ್ಥಾನದ ಮುಂದೆ ನಿಲ್ಲಿಸಿ, ತಲುಪಿದ್ದೀರಿ ಎಂದಿತು. ಅಲ್ಲಿ ಹಣ್ಣುಕಾಯಿ ಹಿಡಿದ ಭಕ್ತರಿದ್ದರು, ಹೇಮಲತಾ ಇರಲಿಲ್ಲ. ಅವನು ಗಾಬರಿಯಾಗಿ ಕಮಲಾಕ್ಷಮ್ಮನಿಗೆ ಫೋನ್ ಮಾಡಿದ.

ಕಮಲಾಕ್ಷಮ್ಮ ಪರದೆಯನ್ನು ಹಿಗ್ಗಿಸಿ ನೋಡಿದರು. ಚುಕ್ಕೆ ಇದ್ದದ್ದು ಬೆಟ್ಟದ ಆಚೆ ಮಗ್ಗುಲಲ್ಲಿ, ಸೊಸೆ ಎಳೆದ ಬಿಳಿ ಗೆರೆಯ ನಡುವೆ.

"ಅಲ್ಲಲ್ಲ ಕಣಪ್ಪ, ನೀನು ಮುಂದ್ಗಡೆ ಐದೀಯ. ಅವ್ಳು ಹಿಂದ್ಗಡೆ. ಕೆಳಗೆ ಇಳ್ದು ಬೆಟ್ಟ ಬಳಸ್ಕೊಂಡು ಹೋಗು. ಅಲ್ಲೊಂದು ನೀರಿನ ಕಟ್ಟೆ ಸಿಗ್ತೈತೆ, ಅಲ್ಲಿಂದ ಗೆರೆ ಮೇಲಕ್ಕೆ ಹೋಗೈತೆ."

ಆ ಬೆಟ್ಟದ ಹಿಂಬದಿಯನ್ನು ಕಮಲಾಕ್ಷಮ್ಮ ಕಣ್ಣಿಂದ ನೋಡಿದವರೇ ಅಲ್ಲ. ಆದರೆ ಹಿಂದಿನ ತಿಂಗಳು ಸೊಸೆ ಗೆರೆ ಸೇರಿಸಿ ತೋರಿಸಿದಾಗ ಕಟ್ಟೆ ಎಲ್ಲಿ, ಬಂಡೆ ಎಲ್ಲಿ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡಿದ್ದರು. ದೇವರಾಜ್ ಕಟ್ಟೆಯ ಹತ್ತಿರ ಆಟೋ ಬಿಟ್ಟ. ಅಲ್ಲಿ ಕುರಿ ಬಿಟ್ಟುಕೊಂಡಿದ್ದ ಹುಚ್ಚಣ್ಣನನ್ನು ಜೊತೆಗೆ ಕರೆದುಕೊಂಡು ಹತ್ತಿದ. ಅತ್ತ ಅರಸೀಕೆರೆಯಲ್ಲಿ ಕಮಲಾಕ್ಷಮ್ಮ ಇನ್ನೂ ಮೇಲೆ, ಇನ್ನೂ ಮೇಲೆ ಎನ್ನುತ್ತಲೇ ಇದ್ದರು. ಚುಕ್ಕೆ ಇದ್ದಕ್ಕಿದ್ದಂತೆ ಮಾಯವಾಯಿತು. ಹೇಮಲತಾಳ ಬ್ಯಾಟರಿ ಮುಗಿದಿತ್ತು. ಕಮಲಾಕ್ಷಮ್ಮ ಆ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದುಕೊಂಡರಂತೆ, ತೆಗೆದರೆ ಜಾಗ ತಪ್ಪಿಹೋದೀತು ಎಂದು.

ಅಷ್ಟು ಹೊತ್ತಿಗೆ ಹುಚ್ಚಣ್ಣ ಬಂಡೆಯ ಮೇಲಿನ ಕೆಂಪು ಹೆಲ್ಮೆಟ್ಟನ್ನು ನೋಡಿದ್ದ. ನೀರು ಕುಡಿಸಿ, ಆ ಕಡೆ ಈ ಕಡೆ ಹಿಡಿದುಕೊಂಡು ಇಬ್ಬರೂ ಅವಳನ್ನು ಇಳಿಸಿದರು. ಹುಚ್ಚಣ್ಣ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದ. ಹತ್ತೋದಕ್ಕೆ ಅಂತ ಮಾಡಿರೋ ಸೈಕಲ್ಲು ಇಷ್ಟು ಹಗುರಾಗೈತಲ್ಲ ತಾಯಿ ಎಂದು ದಾರಿಯುದ್ದಕ್ಕೂ ಅದರ ಬಗ್ಗೆಯೇ ವಿಚಾರಿಸಿದ. ಹಳೇಬೀಡಿನಲ್ಲಿ ನೋವಿಗೆ ಇಂಜೆಕ್ಷನ್ ಆಯಿತು, ಹಾಸನದಲ್ಲಿ ಎಕ್ಸ್‌ರೇ ಮತ್ತು ಸಿಮೆಂಟಿನ ಕಟ್ಟು. ಡಾಕ್ಟರು ಗಾಳಿ ಪಂಪಿನ ಕಟ್ಟನ್ನು ಬಿಚ್ಚುವಾಗ, ಯಾರು ಕಟ್ಟಿದ್ದು, ಚೆನ್ನಾಗಿದೆ ಎಂದರು.

ಚನ್ನೇಶ್ ಮದುವೆ ಮನೆಯಿಂದ ನೇರ ಆಸ್ಪತ್ರೆಗೆ ಓಡಿಬಂದ. ಮಾರನೆಯ ದಿನ ಊಟಕ್ಕೆ ಕೂತಾಗ, ಆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ, ಕಣ್ಣ ಮುಂದೆ ಬೇಡ ಎಂದ. ಫೋನು ಎತ್ತದೆ ಹೋದ ಸಂಕಟವೂ ಅದರಲ್ಲಿ ಸೇರಿತ್ತು.

ಕಮಲಾಕ್ಷಮ್ಮ ಮಗನ ತಟ್ಟೆಗೆ ಹಿತಕಿದಬೇಳೆ ಸಾರು ಬಡಿಸುತ್ತ ಹೇಳಿದರು: "ನೀನು ಬೈಕಿಂದ ಬಿದ್ದು ಕಾಲು ಮುರ್ಕೊಂಡಾಗ ನಾವು ಬೈಕ್ ಮಾರಿದ್ವೇನಪ್ಪ?"

ಚನ್ನೇಶ್ ಎರಡು ದಿನ ಬಿಟ್ಟು ಮಾರ್ಕೆಟ್ಟಿನಿಂದ ಬರುವಾಗ ಒಂದು ಪವರ್ ಬ್ಯಾಂಕು ತಂದು, ಹೆಂಡತಿಯ ದಿಂಬಿನ ಪಕ್ಕ ಇಟ್ಟುಹೋದ. ಹೊಸ ಹೆಲ್ಮೆಟ್ಟು ಅದರ ಮುಂದಿನ ವಾರ ಬಂತು.

ಅತ್ತೆ ಸೊಸೆಯರ ನಡುವಿನ ಮಾತು ಮಾತ್ರ ಉಳಿದಿತ್ತು. ಒಂದು ಮಧ್ಯಾಹ್ನ ಕಮಲಾಕ್ಷಮ್ಮ ಹೇಮಲತಾಳಿಗೆ ತಲೆ ಬಾಚುತ್ತಿದ್ದರು. ಒಂದೇ ಕೈಯಲ್ಲಿ ಜಡೆ ಹೆಣೆಯಲಾಗುತ್ತಿರಲಿಲ್ಲ. ಹೇಮಲತಾ, ಆ್ಯಪ್ ಕೆಟ್ಟಿದೆ ಎಂದು ತಾನು ಹೇಳಿದ್ದು ಸುಳ್ಳು, ತಾನೇ ಆರಿಸಿದ್ದು ಎಂದಳು.

"ಗೊತ್ತು ಕಣೇ," ಎಂದರು ಕಮಲಾಕ್ಷಮ್ಮ. "ನಿಂದು ಕೆಟ್ಟಿದ್ರೆ ಸಿರೀದೂ ಕೆಡಬೇಕಾಗಿತ್ತಲ್ಲ. ಅವಳ ಚುಕ್ಕೆ ಮೈಸೂರಲ್ಲಿ ಓಡಾಡ್ತಾನೇ ಇತ್ತು."

ಹೇಮಲತಾ ತಿರುಗಲು ಹೋದಳು. ಅತ್ತೆ ತಲೆಯನ್ನು ಹಿಡಿದು ನೇರ ಮಾಡಿದರು. ಶಿವಗಂಗಮ್ಮ ಪಂಕ್ತಿಯಲ್ಲಿ ಕೇಳಿದ್ದನ್ನು ತಾವೂ ಕೇಳಿಸಿಕೊಂಡಿದ್ದಾಗಿ, ಅದು ತಮ್ಮ ಬಾಯಿಂದಲೇ ಅಲ್ಲಿಗೆ ಹೋದದ್ದೆಂದು ಹೇಳಿದರು. ಹೇಳಬೇಕೆಂದು ಹೇಳಿದ್ದಲ್ಲ, ಹುಮ್ಮಸ್ಸಿನಲ್ಲಿ ಬಂದುಬಿಟ್ಟಿತ್ತು. ಮತ್ತೆ ಯಾಕೆ ಭಾನುವಾರ ಫೋನು ಇಟ್ಟುಕೊಂಡು ಕೂರುತ್ತಿದ್ದಿರಿ ಎಂದು ಹೇಮಲತಾ ಕೇಳಿದಳು.

ಕಮಲಾಕ್ಷಮ್ಮ ಜಡೆಗೆ ರಬ್ಬರ್ ಬ್ಯಾಂಡ್ ಸುತ್ತಿದರು. "ಈ ಮನೆಗೆ ಬಂದ್ಮೇಲೆ ನಾನು ಒಬ್ಬಳೇ ಎಲ್ಲಿಗೂ ಹೋದೋಳಲ್ಲ. ಹೋದ್ರೆ ದೇವಸ್ಥಾನ, ಮದುವೆ, ನೆಂಟರ ಮನೆ, ಆಸ್ಪತ್ರೆ. ಅಲ್ಲಿಗೂ ಯಾರಾದ್ರೂ ಜೊತೇಲಿ. ನೀನು ಗುಡ್ಡ ಹತ್ತೋವಾಗ ಆ ಚುಕ್ಕೆ ನೋಡ್ತಿದ್ರೆ ನಾನೂ ಹೋಗಿಬಂದಂಗೆ ಇರ್ತಿತ್ತು. ಕಾಯೋಕೆ ಅಂತ ಕೂತಿದ್ದಲ್ಲ ಕಣೇ."

ಹೇಮಲತಾ ಅತ್ತೆಯ ಕೈಯನ್ನು ತನ್ನ ಭುಜದ ಮೇಲೆ ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಸೈಕಲ್ ಮೇಲಿದ್ದಾಗ ಚುಕ್ಕೆ ಇರುವುದು, ಇಳಿದ ಮೇಲೆ ಆರಿಸುವುದು ಎಂದು ಇಬ್ಬರೂ ಒಪ್ಪಿಕೊಂಡರು. ದೋಸೆಯ ವಿಷಯ ಬೀದಿ ದಾಟಬಾರದು ಎಂಬುದನ್ನು ಕಮಲಾಕ್ಷಮ್ಮನೇ ಸೇರಿಸಿದರು.

ಕಟ್ಟು ಬಿಚ್ಚುವವರೆಗೆ ಹೇಮಲತಾ ಮನೆಯಲ್ಲೇ ಕೂತು ನಕ್ಷೆ ತಿದ್ದಿದಳು. ಬಿದ್ದ ಕೊರಕಲಿನ ಹತ್ತಿರ, ಇಲ್ಲಿ ಇಳಿದು ನಡೆಯಿರಿ ಎಂದು ಬರೆದಳು. ಸ್ಕೂಲಿನ ಇಬ್ಬರು ಟೀಚರುಗಳು ತಮಗೂ ಇದೆಲ್ಲ ಹಾಕಿಕೊಡು ಎಂದು ಬಂದರು. ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದವರಿಗೆ ಅವಳು, ಯಾವುದಾದರೂ ಹಾಕಿಕೊಳ್ಳಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ, ಫೋನನ್ನು ಹ್ಯಾಂಡಲಿಗಲ್ಲ, ಮೈಗೆ ಕಟ್ಟಿಕೊಳ್ಳಿ ಎನ್ನುತ್ತಿದ್ದಳು. ದಾವಣಗೆರೆಯ ಯಾರೋ ಗುರುತಿಲ್ಲದ ಸವಾರ, ನಿಮ್ಮ ಎಚ್ಚರಿಕೆ ನೋಡಿ ಇಳಿದು ನಡೆದೆವು, ಒಳ್ಳೆಯದಾಯಿತು ಎಂದು ನಕ್ಷೆಯಲ್ಲೇ ಅವಳ ಗುರುತಿನ ಕೆಳಗೆ ಬರೆದಿದ್ದ. ಅವಳು ಅದನ್ನು ಗಂಡನಿಗೂ ಓದಿ ಹೇಳಿದಳು. ಚನ್ನೇಶ್ ಹ್ಞೂಂ ಎಂದ. ಸಂಜೆ ಅಂಗಡಿಯಲ್ಲಿ ಅದನ್ನೇ ಯಾರಿಗೋ ಹೇಳುತ್ತಿದ್ದನಂತೆ.

ಬೇಸಿಗೆ ರಜೆಗೆ ಹೇಮಲತಾ, ಆಶಾರಾಣಿ ಮತ್ತು ಆ ಇಬ್ಬರು ಟೀಚರುಗಳು ಹಳೇಬೀಡಿನಿಂದ ಬೇಲೂರಿಗೆ ಹಳ್ಳಿ ದಾರಿಯಲ್ಲಿ ಹೊರಟರು. ಹೊರಡುವ ಮುಂಚೆ ಮಳೆಯ ಆ್ಯಪ್ ನೋಡಿದ ಆಶಾರಾಣಿ, ಮಧ್ಯಾಹ್ನ ಮಳೆ ಇದೆಯಂತೆ, ನಾಳೆ ಹೋಗೋಣ ಎಂದಳು. ಹೇಮಲತಾ ಕತ್ತೆತ್ತಿ ನೋಡಿದಳು. ಬಾನು ತೊಳೆದಿಟ್ಟ ಹಾಗಿತ್ತು. ಅದಕ್ಕೇನು ಗೊತ್ತು, ನಡಿ ಎಂದಳು.

ಬೇಲೂರಿಗೆ ಇನ್ನೂ ಒಂದು ಏರು ಇದೆ ಅನ್ನುವಾಗ ಮಳೆ ಬಂತು. ಬಂದ ರಭಸಕ್ಕೆ ನಾಲ್ವರೂ ಸೈಕಲ್ಲುಗಳನ್ನು ರಸ್ತೆ ಬದಿಗೆ ಒರಗಿಸಿ ಒಂದು ಬಸ್ ಶೆಲ್ಟರಿಗೆ ಓಡಿದರು. ಅಲ್ಲಿ ಕಡಲೆಕಾಯಿ ಮಾರುತ್ತಿದ್ದ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಬಿಸಿ ಕಡಲೆಕಾಯಿ ಸುಲಿದು ತಿನ್ನುತ್ತ, ಒದ್ದೆ ಕಾಲು ಚಾಚಿಕೊಂಡು ನಾಲ್ವರೂ ಸಾಲಾಗಿ ಕೂತರು. ಆ್ಯಪ್ ಸರಿಯಾಗಿಯೇ ಹೇಳಿತ್ತು ಎಂದು ಆಶಾರಾಣಿ ಮೂರನೆಯ ಸಲ ಹೇಳಿದಾಗ ಹೇಮಲತಾ ಅವಳ ಬಾಯಿಗೆ ಒಂದು ಕಡಲೆಬೀಜ ಹಾಕಿದಳು. ಎಲ್ಲಿಗೆ ಹೊರಟಿದ್ದೀರಮ್ಮ ಎಂದು ಮುದುಕಿ ಕೇಳಿತು. ಬೇಲೂರಿಗೆ ಎಂದರು. ಬಸ್ಸು ಇನ್ನೇನು ಬರುತ್ತದೆ, ಅದರಲ್ಲೇ ಹೋಗಬಹುದಲ್ಲ ಎಂದಿತು ಅದು. ಬಸ್ಸು ಬಂತು, ನಿಂತಿತು, ಕಂಡಕ್ಟರು ಇವರ ಕಡೆ ನೋಡಿ ಕಾದ. ನಾಲ್ವರೂ ಬರುವುದಿಲ್ಲವೆಂದು ತಲೆಯಾಡಿಸಿದರು. ಬಸ್ಸು ಕೆಸರು ಹಾರಿಸಿಕೊಂಡು ಏರು ಹತ್ತಿ ಹೋಯಿತು. ಮಳೆ ಹನಿ ಕಡಿಮೆಯಾದ ಮೇಲೆ ಇವರೂ ಎದ್ದರು.